ಗ್ರಾಜಿನಕ್ಕನಿಗೆ ನಾನು ಹಾಕಿದ ಸಹಿ

ಗ್ದಿನ್ಯಾ ಬಂದರು, ಪೋಲೆಂಡ್, ಮಂಗಳವಾರ

ಚಿಕ್ಕಮ್ಮಾ,

ಕಾರ್ಡಿನ ಮೇಲಿನ ಹಡಗು ನೋಡಿ ಮರುಳಾಗಬೇಡ. ಇಲ್ಲಿಯ ಕಡಲಹಕ್ಕಿಗಳು ಕೈಯಲ್ಲಿರುವ ಬನ್ನನ್ನೂ ಬಿಡುವುದಿಲ್ಲ. ಸಂಬಳ ನಮ್ಮೂರಿಗಿಂತ ಹೆಚ್ಚು, ಹೆಚ್ಚಾದದ್ದನ್ನು ಬಾಡಿಗೆ ನುಂಗುತ್ತದೆ. ನನಗೆ ಸ್ವಲ್ಪ ನೆಗಡಿ, ಅಷ್ಟೇ.

ನಮ್ಮ ವಾರ್ಡಿನ ಗ್ರಾಜಿನಕ್ಕ ನಿನ್ನ ಹಾಗೆಯೇ ಮೂವತ್ತು ವರ್ಷ ಅನುಭವವಿರುವ ನರ್ಸ್. ನನಗೆ ರೋಗಿಯ ನರ ಸಿಗದಿದ್ದರೆ ಅವರನ್ನೇ ಕರೆಯುತ್ತೇನೆ. ಕಣ್ಣು ಮುಚ್ಚಿಕೊಂಡು ಸೂಜಿ ಹಾಕುತ್ತಾರೆ. ಆದರೂ ದೊಡ್ಡ ಡಿಗ್ರಿ ಇದೆಯೆಂದು ಕೆಲಸಕ್ಕೆ ಸೇರಿ ಎರಡೇ ವರ್ಷವಾದ ನನಗೇ ಸಂಬಳ ಜಾಸ್ತಿ!

"ಸರಿಯಮ್ಮ ಡಿಗ್ರಿ, ಸೂಜಿ ಯಾವ ಕಡೆ ಚೂಪು ಅಂತ ನೋಡ್ಕೋ" ಎಂದು ಛೇಡಿಸುತ್ತಿದ್ದರು. ಈಗ ಐವತ್ತೈದರಲ್ಲಿ ತಾವೂ ಕಾಲೇಜು ಸೇರಿದ್ದಾರೆ. ಅವರಿಗೆ ಸೂಜಿ ಹಾಕಲು ಬರುತ್ತದೆಂದು ಡಿಗ್ರಿ ಇರುವವರೊಬ್ಬರು ಬರೆದುಕೊಡಬೇಕಂತೆ. ನಮ್ಮ ಪಾಳಿಯಲ್ಲಿ ಅಂಥವಳು ನಾನೊಬ್ಬಳೇ. ನಿನ್ನೆ ಸಹಿ ಹಾಕುವಾಗ ನಾಚಿಕೆಯಿಂದ ಕೈ ನಡುಗಿತು.

"ಅಯ್ಯೋ, ಪೆನ್ನನ್ನಾದ್ರೂ ನೆಟ್ಟಗೆ ಚುಚ್ಚೇ!" ಅಂದರು. ವಾರ್ಡಿಗೆ ವಾರ್ಡೇ ನಕ್ಕಿತು.

ನೀನೂ ಹಟ ಬಿಟ್ಟು ಕಾಲೇಜು ಸೇರು ಚಿಕ್ಕಮ್ಮ. ಕಿತ್ತಳೆ ಹಣ್ಣಿಗೆ ಚುಚ್ಚಿಸಿ ನನಗೆ ಸೂಜಿ ಹಿಡಿಯಲು ಕಲಿಸಿದವಳು ನೀನು. ನಿನ್ನ ಕಾಗದಕ್ಕೆ ಸಹಿ ಹಾಕುವಾಗ ನೀನೇ ಪಳಗಿಸಿದ ನನ್ನ ಕೈ ನಡುಗುವುದಿಲ್ಲ.

ಜಾಗ ಮುಗಿಯಿತು,
ಕಿಂಗಾ