ಮೂರನೆಯದರ ಪ್ರಶ್ನೆ

ಕುಶಾಲನಗರ

ಮಾನ್ಯ ಉಷಾರಾಣಿ ಮೇಡಂ,

ನಮ್ಮ ಜೀನ್ ಲ್ಯಾಬಿಗೆ ಯಾವ ಸಾಫ್ಟ್‌ವೇರ್ ಕೊಳ್ಳಬೇಕೆಂದು ಕೇಳಿದ್ದಿರಿ. ಬಂದಿರುವ ಮೂರನ್ನೂ ಒಂದೇ ಸ್ಯಾಂಪಲ್ ಮೇಲೆ ಓಡಿಸಿ ನೋಡಿದೆ. ಅದು ನೀವು ಬರುವ ಮೊದಲು ನನ್ನ ಜೊತೆ ಕೆಲಸ ಮಾಡುತ್ತಿದ್ದ ನಾಗಾರ್ಜುನನ ರಕ್ತದ ಡೇಟಾ. "ಪರೀಕ್ಷೆಗೆ ಬೇರೆಯವರ ರಕ್ತ ಯಾಕೆ, ನಂದೇ ತಗೊಳ್ಳಿ" ಎಂದು ಅವನೇ ತೋಳು ಚಾಚಿದ್ದ. ಅಂದಿನಿಂದ ಹೊಸದು ಏನು ಬಂದರೂ ಮೊದಲು ಅದರ ಮೇಲೆಯೇ ನೋಡುವುದು ನಮ್ಮ ರೂಢಿ.

ಹಳೆಯ ಸಾಫ್ಟ್‌ವೇರ್ ದೋಷವೇನೂ ಇಲ್ಲ ಎಂದಿತ್ತು. ಆ ವರದಿಗೆ ಸಹಿ ಹಾಕಿದವಳು ನಾನು. ಮರುವರ್ಷ ಅವನು ಹಾರಂಗಿ ಜಲಾಶಯದ ಹತ್ತಿರ ಎದೆ ಹಿಡಿದುಕೊಂಡು ಕುಸಿದ, ಮತ್ತೆ ಏಳಲಿಲ್ಲ. ಶಿವಗಣಾರಾಧನೆಯ ದಿನ ಅವನ ತಾಯಿ ಕಾಂತಮ್ಮ, "ನಿಮ್ಮ ಮಿಷನ್ನು ಏನೂ ಹೇಳ್ಲಿಲ್ವೇನವ್ವಾ?" ಎಂದು ಕೇಳಿದರು. ಇಲ್ಲ ಎಂದೆ.

ಈಗಿನ ಮೂರರಲ್ಲಿ ಎರಡು ಸಾಫ್ಟ್‌ವೇರುಗಳು ದೋಷ ಇಲ್ಲ ಎನ್ನುತ್ತಿವೆ. ಮೂರನೆಯದು ಮಾತ್ರ ಹೃದಯದ ಒಂದು ಜೀನಿಗೆ ಕೆಂಪು ಗುರುತು ಹಾಕಿದೆ. ನಾಲ್ಕು ಸಲ ಓಡಿಸಿದೆ, ನಾಲ್ಕು ಸಲವೂ ಅದೇ ಜಾಗ. ಅದನ್ನೇ ಕೊಳ್ಳಿ.

ಅವನ ತಂಗಿ ಕಾವ್ಯಶ್ರೀಯ ರಕ್ತವನ್ನೂ ಪರೀಕ್ಷಿಸಲು ದಯವಿಟ್ಟು ಅನುಮತಿ ಕೊಡಿ. ಕಾಂತಮ್ಮನವರ ಮನೆಗೆ ನಾನೇ ಹೋಗುತ್ತೇನೆ.

ಕೆಂಪು ಗುರುತಿನ ಕೆಳಗೆ ಅದು, ‘ರೋಗಿಗೆ ತಿಳಿಸಿದ್ದೀರಾ?’ ಎಂದು ಕೇಳುತ್ತದೆ. ಹೌದು ಅಥವಾ ಇಲ್ಲ ಎಂದು ಒತ್ತುವವರೆಗೆ ಆ ಪ್ರಶ್ನೆ ಪರದೆ ಬಿಟ್ಟು ಹೋಗುವುದಿಲ್ಲ. ನಾನಿನ್ನೂ ಒತ್ತಿಲ್ಲ.

ಇತಿ,
ಅಮೃತಾ