ಮಲಗಿದವನ ಹೊದಿಕೆ ಎಳೆಯಬೇಡಿ

ವಸತಿ ಕಚೇರಿಯ ಮಾನ್ಯ ಅಧಿಕಾರಿಗಳೇ,

ಹೌದು, ನಿಮ್ಮ ತಪಾಸಣೆಯವನ ಮೂಗು ಮುರಿದದ್ದು ನಾನೇ. ಅದಕ್ಕೆ ಶಿಕ್ಷೆ ಕೊಡಿ, ಅನುಭವಿಸುತ್ತೇನೆ. ಆದರೆ ಅದೇ ನೆಪದಲ್ಲಿ ನೀವು ಕೊಟ್ಟ ಕೋಣೆ ಕಿತ್ತುಕೊಂಡು ನನ್ನನ್ನು ಮತ್ತೆ ಬೀದಿಗೆ ಎಸೆಯುತ್ತೇವೆ ಎನ್ನುತ್ತೀರಲ್ಲ, ಅದಕ್ಕಾಗಿ ಈ ಪತ್ರ. ಊರೆಲ್ಲ ಓದಲಿ ಎಂದೇ ಪತ್ರಿಕೆಗೆ ಕೊಟ್ಟಿದ್ದೇನೆ.

ನಿಮ್ಮ ನೋಟಿಸಿನ ಪ್ರಕಾರ ನಾನು 'ಸ್ವಭಾವತಃ ಹಿಂಸಾಪ್ರವೃತ್ತಿಯವನು' ಅಂತೆ. ಎಂಥ ಸೊಗಸಾದ ಪದ! ಅರ್ಧ ಆಯುಷ್ಯ ಅಂಗಡಿ ಜಗಲಿಗಳಲ್ಲಿ, ಸೇತುವೆ ಕೆಳಗೆ ಮಲಗಿದವನು ನಾನು. ನನ್ನನ್ನು ಎಬ್ಬಿಸುತ್ತಿದ್ದದ್ದು ಬೂಟುಗಾಲು, ಲಾಠಿ, ಬಕೆಟ್ ನೀರು. ಕುಡಿದ ಪುಂಡರು ಮೋಜಿಗೆ ಒದ್ದು ನನ್ನ ಪಕ್ಕೆಲುಬು ಮುರಿದರು. ಪಕ್ಕದಲ್ಲೇ ಮಲಗುತ್ತಿದ್ದ ಕುಂಟಣ್ಣನ ಹೊದಿಕೆ ಎಳೆದು, ತಲೆ ಮೇಲೆ ಕಲ್ಲು ಎತ್ತಿಹಾಕಿದರು. ಅವನ ರಕ್ತ ನನ್ನ ಬಾಯಿಗೆ ಹಾರಿತು. ಆವತ್ತು ನಿಮ್ಮ ತಪಾಸಣೆ ಎಲ್ಲಿಗೆ ಹೋಗಿತ್ತು ಸ್ವಾಮಿ? ಅಂದಿನಿಂದ ಯಾರಾದರೂ ಹೊದಿಕೆ ಎಳೆದರೆ ನನ್ನ ಕೈ ನನ್ನ ಅಪ್ಪಣೆಗೆ ಕಾಯುವುದಿಲ್ಲ.

ಬೀದಿಯವರಲ್ಲಿ ಒಂದು ಕಟ್ಟಳೆ ಇದೆ. ಮಲಗಿದವನನ್ನು ಮುಟ್ಟಿ ಎಬ್ಬಿಸಬಾರದು, ದೂರ ನಿಂತು ನೆಲ ಕುಟ್ಟಿ ಕೂಗಬೇಕು. ಕೋಣೆ ಸಿಕ್ಕ ಹೊಸತರಲ್ಲಿ ಎದುರು ಮನೆಯ ದರ್ಜಿ ಅಕ್ಕನಿಗೆ ಇದನ್ನು ಹೇಳುವಾಗ ನಾಚಿಕೆಯಿಂದ ಸತ್ತೇಹೋಗಿದ್ದೆ. ಅವಳು ಕನಿಕರ ತೋರಿಸಲಿಲ್ಲ.

"ಅಷ್ಟೇನಾ? ನಮ್ಮನೆಯವ್ರನ್ನ ಎಬ್ಬಿಸೋಕೆ ಡೋಲು ಬಾರಿಸ್ಬೇಕಿತ್ತು" ಅಂದಳು.

ಈಗ ದಿನಾ ಬೆಳಿಗ್ಗೆ ಹೊಸ್ತಿಲಾಚೆ ನಿಂತು ಕತ್ತರಿಯಿಂದ ಚಿಲಕ ಬಡಿಯುತ್ತಾಳೆ: "ಏಳಪ್ಪಾ, ಚಹಾ ಆರ್ತಾ ಇದೆ!" ನಾನು ಎದ್ದು, ಚಹಾ ಕುಡಿದು, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತೇನೆ. ಸತ್ತರೆ ಅಳುವವರಿಲ್ಲದ ನನಗೆ, ಎದ್ದೆನೋ ಇಲ್ಲವೋ ಎಂದು ನೋಡುವ ಅಕ್ಕ ಸಿಕ್ಕಿದ್ದಾಳೆ.

ನಿಮ್ಮವನೋ, ಬಾಗಿಲು ತಟ್ಟಲಿಲ್ಲ. ನಿಮ್ಮಲ್ಲಿರುವ ಇನ್ನೊಂದು ಕೀಲಿಯಿಂದ ತೆರೆದು, ಕಾಲಿಂದ ತಿವಿದು, ಹೊದಿಕೆ ಎಳೆದ. ಎಚ್ಚರವಾಗುವಷ್ಟರಲ್ಲಿ ಅವನ ಎದೆ ಮೇಲೆ ಕೂತು ಗುದ್ದುತ್ತಿದ್ದೆ. ಅಕ್ಕ ಓಡಿ ಬಂದು ಚಿಲಕ ಬಡಿದು ಕೂಗಿದಳು, ಕೈ ನಿಂತಿತು. ಅವಳಿಲ್ಲದಿದ್ದರೆ ನಿಮ್ಮವನು ಮೂಗಲ್ಲ, ಜೀವವನ್ನೇ ಕಳೆದುಕೊಳ್ಳುತ್ತಿದ್ದ. ಇದು ಬೆದರಿಕೆಯಲ್ಲ. ನನಗೇ ನನ್ನ ಭಯ.

ಕೋಣೆ ಕೊಟ್ಟವರು ನೀವೇ, ನಿಜ. ಕೊಟ್ಟ ಕೋಣೆಯ ಬಾಗಿಲು ಯಾರದ್ದು? ನಿಮ್ಮ ಮನೆಗೆ ಹಾಲಿನವನೂ ತಟ್ಟದೆ ಬರುತ್ತಾನೆಯೇ? ನನ್ನ ಮೇಲೆ ಕೇಸು ಹಾಕಿ. ನಿಮ್ಮವರಿಗೆ ಬಾಗಿಲು ತಟ್ಟಲು ಕಲಿಸಿ. ಕೋಣೆಯ ತಂಟೆಗೆ ಬರಬೇಡಿ. ಬೀದಿಗೆ ಬಿದ್ದರೆ ಮತ್ತೆ ಯಾರೋ ನನ್ನ ಹೊದಿಕೆ ಎಳೆದೇ ಎಳೆಯುತ್ತಾರೆ. ಆಗ ಚಿಲಕ ಬಡಿಯಲು ಅಲ್ಲಿ ಬಾಗಿಲೂ ಇರುವುದಿಲ್ಲ, ಅಕ್ಕನೂ ಇರುವುದಿಲ್ಲ.

ಇಂತಿ,
ತಟ್ಟಿದರೆ ನಗುನಗುತ್ತಲೇ ಬಾಗಿಲು ತೆಗೆಯುವ
ನಿಮ್ಮ 'ಹಿಂಸಾಪ್ರವೃತ್ತಿಯವನು'