ಏಳು ಗಂಡಸರ ಗುಂಡಿಗಳೂ ಡೋರೀನಳ ಬಾಗಿಲೂ

ಐತಿಹಾಸಿಕ ಪೇಟೆ ಸಂರಕ್ಷಣಾ ಮಂಡಳಿಯ ಅಧ್ಯಕ್ಷರಿಗೆ,
ಆಲ್ಡರ್ ಬೆಂಡ್, ವಿಸ್ಕಾನ್ಸಿನ್

ಮಾನ್ಯರೇ,

ನೀವು ಕೀಳಿಸಲು ಹೊರಟಿರುವ ಬಾಗಿಲು ಸರಿಯಾದ ಜಾಗದಲ್ಲೇ ಇದೆ. ತಪ್ಪಿರುವುದು ನಿಮ್ಮ ಫೋಟೋ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಳೆದ ಸಭೆಯಲ್ಲಿ ನನಗೆ ದಯಪಾಲಿಸಿದ ಮೂರು ನಿಮಿಷದಲ್ಲಿ ಎರಡು ನಿಮಿಷ ಮೈಕು ಸರಿಪಡಿಸುವುದಕ್ಕೇ ಹೋಯಿತು.

ಮುಖ್ಯ ಬೀದಿಯಲ್ಲಿರುವ ಡೋರೀನಳ ಹೋಟೆಲಿಗೆ ನೀವು ಕಳಿಸಿದ ನೋಟಿಸನ್ನು ನಾಲ್ಕು ಸಲ ಓದಿದ್ದೇನೆ. ಅದರ ಪ್ರಕಾರ, ಆ ಕಟ್ಟಡದ 1908ರ ಫೋಟೋದಲ್ಲಿ ಬಾಗಿಲು ಎಡಗಡೆ ಇದೆ, ಈಗ ಬಲಗಡೆ ಇದೆ, ಆದ್ದರಿಂದ ವಸಂತ ಮುಗಿಯುವುದರೊಳಗೆ ಅದನ್ನು ಎಡಕ್ಕೆ ಸರಿಸತಕ್ಕದ್ದು. ಎಡಗಡೆ ಏನಿದೆ ಎಂದು ಮಂಡಳಿಯವರು ಒಬ್ಬರಾದರೂ ಒಳಗೆ ಬಂದು ನೋಡಿದಿರಾ? ಅಲ್ಲಿ ಕೌಂಟರ್ ಇದೆ, ಅದರ ಹಿಂದೆ ಮೀನು ಕರಿಯುವ ಒಲೆಗಳಿವೆ. ಎಲ್ಲವನ್ನೂ ಒಡೆದು ಕಟ್ಟಲು ಆರು ತಿಂಗಳು ಬೇಕು. ಡೋರೀನಳಿಗೆ ಅರವತ್ತೊಂದು ವರ್ಷ. ನೋಟಿಸನ್ನು ಏಪ್ರನ್ನಿನ ಜೇಬಿಗೆ ತುರುಕುತ್ತ ಅವಳು ನನಗೆ ಹೇಳಿದ್ದು ಇಷ್ಟೇ: "ಒಂದ್ಸಲ ಮುಚ್ಚಿದ್ರೆ ಮತ್ತೆ ತೆಗಿಯೋ ತಾಕತ್ತು ನಂಗಿಲ್ಲ ಕಣೇ ಮಾರ್ವೆಲ್."

ಶುಕ್ರವಾರ ಸಂಜೆ ಅರ್ಧ ಊರು ಅಲ್ಲೇ ಉಣ್ಣುತ್ತದೆ. ಕರಿದ ಪರ್ಚ್ ಮೀನು, ರೈ ಬ್ರೆಡ್ಡು, ಹೆಚ್ಚಿದ ಕೋಸು. ನನ್ನ ಗಂಡ ತೀರಿಕೊಂಡ ಮೇಲೆ ವಾರಕ್ಕೊಮ್ಮೆ ನಾನು ಇನ್ನೊಬ್ಬರ ಎದುರು ಕುಳಿತು ಉಣ್ಣುವುದು ಅಲ್ಲಿ ಮಾತ್ರ. ಅದು ಹೋದರೆ ನನಗೆ ಭಯವಾಗುತ್ತದೆ. ಉಣ್ಣುವವರನ್ನು ಓಡಿಸಿ ಇಟ್ಟಿಗೆಯನ್ನು ಕಾಪಾಡುವುದಕ್ಕೆ ಸಂರಕ್ಷಣೆ ಎಂಬ ಹೆಸರು ಯಾರು ಕೊಟ್ಟರೋ ತಿಳಿಯದು.

ಇನ್ನು ಫೋಟೋ. ಆಗ ಅಲ್ಲಿದ್ದ ಅಂಗಡಿಯ ಮುಂದೆ ಏಳು ಗಂಡಸರು ಕೋಟು ಹಾಕಿ ನಿಂತಿದ್ದಾರೆ. ಅಂಗಡಿಯ ಹೆಸರಿನ ಬೋರ್ಡಿನ ಅಕ್ಷರಗಳು ಬಿಳಿಚಿ ಅಳಿಸಿಹೋಗಿವೆ, ಹಾಗಾಗಿ ನಿಮಗೆ ಸುಳಿವು ಸಿಗಲಿಲ್ಲ. ನಾನು ಇದೇ ಬೀದಿಯಲ್ಲಿ ನಲವತ್ತೆರಡು ವರ್ಷ ದರ್ಜಿ ಕೆಲಸ ಮಾಡಿದವಳು. ಗಂಡಸರ ಕೋಟಿಗೆ ಗುಂಡಿ ತೊಟ್ಟವರ ಬಲಗಡೆ, ಹೆಂಗಸರದ್ದಕ್ಕೆ ಎಡಗಡೆ. ಗಂಡಸರ ಎದೆಯ ಜೇಬು ಎಡಕ್ಕೆ. ನಿಮ್ಮ ಫೋಟೋದಲ್ಲಿ ಏಳು ಜನರದ್ದೂ ಎಲ್ಲವೂ ಅದಲುಬದಲು. ಯಾರೋ ಫೋಟೋದ ಗಾಜಿನ ನೆಗೆಟಿವನ್ನು ಮಗುಚಿ ಇಟ್ಟು ಅಚ್ಚು ತೆಗೆದಿದ್ದಾರೆ, ಹಾಗಾಗಿ ಬಲಗಡೆಯ ಬಾಗಿಲು ಎಡಕ್ಕೆ ಹೋಗಿದೆ.

ಸಭೆಯಲ್ಲಿ ಉಳಿದ ಒಂದು ನಿಮಿಷದಲ್ಲಿ ಇದನ್ನೇ ಹೇಳಲು ಹೊರಟೆ. "ಅಮ್ಮಾ, ಬಾಗಿಲ ವಿಷ್ಯ ಮಾತಾಡಿ, ಗುಂಡಿ ವಿಷ್ಯ ಬೇಡ," ಎಂದಿರಿ. ಜನ ನಕ್ಕರು. ನಿವೃತ್ತ ಅಂಚೆಯಣ್ಣ ವರ್ನ್ ಮಾತ್ರ ಹಿಂದಿನ ಸಾಲಿನಿಂದ, "ಹಂಗಾದ್ರೆ ಏಳು ಜನಾನೂ ಅವತ್ತು ಹೆಂಡ್ತೀರ ಕೋಟು ಹಾಕ್ಕೊಂಡ್ ಬಂದಿದ್ರಾ ಸ್ವಾಮಿ?" ಎಂದ. ನೀವು ಮುಂದಿನ ವಿಷಯಕ್ಕೆ ಹೋದಿರಿ. ನಾನು ಅಂದಿನಿಂದ ನೆಟ್ಟಗೆ ನಿದ್ದೆ ಮಾಡಿಲ್ಲ.

ನೋಟಿಸನ್ನು ಹಿಂತೆಗೆದುಕೊಳ್ಳಿ, ಅದೂ ಲಿಖಿತವಾಗಿ. ನನ್ನ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಈ ಶುಕ್ರವಾರ ಫೋಟೋ ಹಿಡಿದು ಊಟಕ್ಕೆ ಬನ್ನಿ. ಕೌಂಟರಿನ ಹಿಂದೆ ಉದ್ದನೆಯ ಕನ್ನಡಿಯಿದೆ, ಅದಕ್ಕೆ ಫೋಟೋ ತೋರಿಸಿ. ಅದರಲ್ಲಿ ಬಾಗಿಲು ಯಾವ ಕಡೆ ಕಾಣುತ್ತದೋ, ನೀವು ಆಗಷ್ಟೇ ಒಳಗೆ ಬಂದಿರುವುದು ಆ ಕಡೆಯಿಂದಲೇ.

ಇಂತಿ,
ನಿಮ್ಮ ಕೋಟನ್ನೇ ಎರಡು ಸಲ ಸಡಿಲ ಮಾಡಿಕೊಟ್ಟರೂ ಗುಂಡಿಯ ವಿಷಯದಲ್ಲಿ ನಂಬಿಕೆಗೆ ಅರ್ಹಳಾಗದ
ಮಾರ್ವೆಲ್ ಟೆಸ್ಕೆ